ಹುಳದ ಮನೆಯ ಹೊಸ್ತಿಲಲ್ಲಿ ಅಂಜಿನಮ್ಮ

ಬೆಳಗಿನ ಐದೂಮುಕ್ಕಾಲು. ಗಡಿಯಾಚೆಯ ಹೊಸೂರಿನಿಂದ ರಾಯಕೋಟೆ ಕಡೆ ಹೊರಟರೆ, ಉದ್ದನಪಲ್ಲಿ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಟೊಮೇಟೊ ಹೊಲಗಳ ನಡುವೆ ಸುಣ್ಣ ಬಳಿದ ಒಂದು ಉದ್ದನೆಯ ಕಟ್ಟಡ ಸಿಗುತ್ತದೆ. ಅದರ ಬಾಗಿಲಲ್ಲಿ ಅಂಜಿನಮ್ಮ ಹೊರಗಿನ ಚಪ್ಪಲಿ ಕಳಚಿ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಪಾದ ಅದ್ದಿ, ಒಳಗಿನ ಚಪ್ಪಲಿ ಮೆಟ್ಟುತ್ತಾರೆ. ಒಳಗೆ ಹೋದವರೇ ಗೋಡೆಯ ಮೇಲಿನ ಮಾಪಕದ ಕಡೆ ತಿರುಗಿಯೂ ನೋಡದೆ ಕತ್ತು ಚಾಚಿ ಗಾಳಿ ಮೂಸುತ್ತಾರೆ. "ಇಪ್ಪತ್ತೇಳೂವರೆ ಐತೆ. ತೇವ ಸಾಲ್ದು," ಎನ್ನುತ್ತಾರೆ. ಮಾಪಕದಲ್ಲೂ ಇಪ್ಪತ್ತೇಳೂವರೆ ಡಿಗ್ರಿಯೇ ಇದೆ. ಅಷ್ಟರಲ್ಲಿ ಅವರ ಕೈ ಆಗಲೇ ಗೋಡೆಗೆ ತೂಗುಹಾಕಿದ ಗೋಣಿತಟ್ಟುಗಳಿಗೆ ನೀರು ಚಿಮುಕಿಸುತ್ತಿರುತ್ತದೆ.

ಕಬ್ಬಿಣದ ಸ್ಟ್ಯಾಂಡುಗಳಲ್ಲಿ ಒಂದರ ಮೇಲೊಂದು ತಟ್ಟೆಗಳು, ಪ್ರತಿ ತಟ್ಟೆಯ ಮೇಲೂ ಮೇಣದ ಕಾಗದ. ಕಾಗದ ಎತ್ತಿದರೆ ರೇಷ್ಮೆ ಹುಳದ ಮರಿಗಳು, ಒಂದೊಂದೂ ಜೀರಿಗೆಯಷ್ಟು ಉದ್ದ. ಅಂಜಿನಮ್ಮ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಬೆರಳ ಸಂದಿಯಿಂದ ಉದುರಿಸುತ್ತ ಹೋಗುತ್ತಾರೆ. ಎಲ್ಲೂ ದಪ್ಪವಿಲ್ಲ, ಎಲ್ಲೂ ಖಾಲಿಯಿಲ್ಲ. "ಹಸಿದಿರೋ ಹುಳ ತಲೆ ಎತ್ಕಂಡು ಹುಡುಕ್ತದೆ. ಹೊಟ್ಟೆ ತುಂಬಿರೋದು ಸುಮ್ನೆ ಮಲಗಿರ್ತದೆ. ಇದನ್ನ ಯಾವ ಮಿಷಿನ್ನೂ ಹೇಳಾಕಿಲ್ಲ," ಎಂದು ಹೇಳುವಷ್ಟರಲ್ಲಿ ಅವರು ಮೂರು ತಟ್ಟೆ ಆಚೆ ಹೋಗಿರುತ್ತಾರೆ. ಅವರನ್ನು ಮಾತಾಡಿಸಬೇಕೆಂದರೆ ಹಿಂದೆ ಹಿಂದೆಯೇ ಓಡಾಡಬೇಕು. ಎರಡು ದಿನದ ಭೇಟಿಯಲ್ಲಿ ಅಂಜಿನಮ್ಮ ಕೂತದ್ದನ್ನು ಕಂಡದ್ದು ಊಟಕ್ಕೆ ಮಾತ್ರ, ಅದೂ ಕುಕ್ಕರಗಾಲಲ್ಲಿ.

ಈ ಕಟ್ಟಡದ ಕೆಲಸಕ್ಕೆ ಚಾಕಿ ಸಾಕಾಣಿಕೆ ಎಂದು ಹೆಸರು. ರೇಷ್ಮೆ ಹುಳದ ಬಾಲವಾಡಿ ಎನ್ನಿ. ಮೊಟ್ಟೆಯೊಡೆದು ಬಂದ ಮರಿಗಳನ್ನು ಮೊದಲ ಒಂಬತ್ತು ದಿನ ಇಲ್ಲಿ ಸಾಕಿ, ಎರಡು ಸಲ ಪೊರೆ ಬಿಟ್ಟ ಮೇಲೆ ರೈತರಿಗೆ ಕೊಡುತ್ತಾರೆ. ಪೊರೆ ಬಿಡುವುದಕ್ಕೆ ಇಲ್ಲಿಯವರು 'ಜ್ವರ' ಎನ್ನುತ್ತಾರೆ. ಒಂದು ಚಿಟ್ಟೆ ಇಟ್ಟ ನಾನೂರೈವತ್ತು ಮೊಟ್ಟೆಯ ಗುಂಪಿಗೆ 'ಒಂದು ಮೊಟ್ಟೆ' ಎನ್ನುತ್ತಾರೆ. ಲೆಕ್ಕ ಕಲಿತವರಿಗೆ ತಲೆ ಕೆಡುವುದು ಸಹಜ. ಈ ಸಲದ ಬೆಳೆ ಸಾವಿರ ಮೊಟ್ಟೆ, ಅಂದರೆ ನಾಲ್ಕೂವರೆ ಲಕ್ಷ ಹುಳ. ದಿನಕ್ಕೆ ಮೂರು ಹೊತ್ತು ಮೇವು, ಒಂಬತ್ತು ದಿನಕ್ಕೆ ಇನ್ನೂರು ಕೆಜಿ ಸೊಪ್ಪು, ಕಾದು ಕೂತ ರೈತರು ಹತ್ತು ಜನ. ಒಳಗೆ ಮೇವು ಹಾಕುವ ಹೆಂಗಸರು ಇಬ್ಬರೇ: ಐವತ್ನಾಲ್ಕರ ಅಂಜಿನಮ್ಮ ಮತ್ತು ನಲವತ್ತೊಂದರ ಚಂದ್ರಲೇಖಾ. ಸೊಪ್ಪು ಕೀಳುವ, ಹೆಚ್ಚುವ ಆರು ಮಂದಿ ಹೊರಗೆ.

ಇಬ್ಬರೇ ಏಕೆ? ಆ ಪ್ರಶ್ನೆಗೆ ಉತ್ತರ ಬಾಗಿಲಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಮುಟ್ಟಾದ ಹೆಂಗಸು ಹುಳದ ಮನೆಗೆ ಕಾಲಿಟ್ಟರೆ ಬೆಳೆ ಕೆಡುತ್ತದೆ ಎಂಬ ನಂಬಿಕೆ ಈ ಕಡೆಯ ರೇಷ್ಮೆ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಕೇಂದ್ರದ ಯಜಮಾನ ಹನುಮಂತರಾಯಪ್ಪನವರ ತಾಯಿ ರಾಮಕ್ಕ ಬದುಕಿದ್ದಾಗ ಅದಕ್ಕೊಂದು ಕಟ್ಟುಪಾಡನ್ನೇ ಮಾಡಿಟ್ಟರು. ಮುಟ್ಟು ನಿಂತು ಹನ್ನೆರಡು ತಿಂಗಳಾದವರು, ಇಲ್ಲವೇ ಗರ್ಭಕೋಶ ತೆಗೆಸಿಕೊಂಡವರು ಮಾತ್ರ ಒಳಗೆ. ಉಳಿದವರು ತಿಂಗಳ ಮೂವತ್ತು ದಿನವೂ ಹೊರಗೆ. ಯಾರು ಯಾವತ್ತು ಎಂದು ದಿನಾ ಕೇಳುವ ಮುಜುಗರ ತಪ್ಪಲಿ ಎಂಬುದು ಆ ತಾಯಿಯ ಲೆಕ್ಕಾಚಾರವಾಗಿತ್ತಂತೆ. ಒಳಗಿನ ಕೆಲಸದಲ್ಲಿ ಬಿಸಿಲಿಲ್ಲ, ಹೊರೆ ಹೊರುವುದಿಲ್ಲ, ಕೂಲಿಯೂ ತುಸು ಹೆಚ್ಚು. ಹಾಗಾಗಿ ಈ ಊರಿನಲ್ಲಿ ಮುಟ್ಟು ನಿಲ್ಲುವುದೆಂದರೆ ಬಡ್ತಿ ಸಿಕ್ಕ ಹಾಗೆ.

ಅಂಜಿನಮ್ಮನಂತೂ ಆ ದಿನಕ್ಕಾಗಿ ಮೂವತ್ತೈದು ವರ್ಷ ಕಾದವರು. ಅವರ ತವರು ಅಂಚೆಟ್ಟಿಯಾಚೆ ಕಾಡಂಚಿನ ನಾಟ್ರಾಂಪಾಳ್ಯ. ಹದಿಮೂರನೇ ವಯಸ್ಸಿನಲ್ಲಿ ಮೈನೆರೆದ ದಿನದಿಂದಲೇ ಹೊಟ್ಟೆನೋವು ಜೊತೆಗೆ ಬಂತು. ಸಾಮಾನ್ಯದ ನೋವಲ್ಲ. ತಿಂಗಳಿಗೆ ನಾಲ್ಕು ದಿನ ರಾಗಿ ಕಲ್ಲಿನ ಪಕ್ಕ ಮುದುರಿಕೊಂಡು ಬಿದ್ದಿರುತ್ತಿದ್ದರಂತೆ. "ನಮ್ಮವ್ವ ಮದ್ವೆ ಆದ್ರೆ ಸರಿಹೋಗ್ತದೆ ಅಂದ್ಲು. ಮದ್ವೆ ಆಯ್ತು. ನಮ್ಮತ್ತೆ ಮಗು ಆದ್ರೆ ಸರಿಹೋಗ್ತದೆ ಅಂದ್ಲು. ಮಗೂನೇ ಆಗ್ಲಿಲ್ಲ. ಅಮ್ಯಾಕೆ ಡಾಕ್ಟ್ರು, ನಿಂತೋದ್ರೆ ಎಲ್ಲಾ ಸರಿಹೋಗ್ತದೆ ಕಣಮ್ಮ ಅಂದ್ರು. ಸರಿ, ನಿಲ್ಲಾಗಂಟ ಕಾಯೋಣ ಅಂತ ಕಾದೆ," ಎಂದು ಅವರು ನಗುತ್ತಾರೆ. ಹೇಳಿದವರಲ್ಲಿ ಒಬ್ಬರೂ ಅದೇನು ನೋವು ಎಂದು ಹುಡುಕಿದವರಿಲ್ಲ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ, ಅಂಜಿನಮ್ಮನಿಗೆ ಬರುವುದಿಲ್ಲ. ಅವರಿಗೆ ಒಣಗುತ್ತಿರುವ ಸೊಪ್ಪಿನದೇ ಚಿಂತೆ.

ನಲವತ್ತೆಂಟಕ್ಕೆ ಮುಟ್ಟು ನಿಂತಿತು. ಹನ್ನೆರಡು ತಿಂಗಳನ್ನು ಬೆರಳು ಮಡಚಿ ಎಣಿಸಿ, ಹದಿಮೂರನೆಯ ತಿಂಗಳ ಮೊದಲ ದಿನ ತಲೆಗೆ ಎಣ್ಣೆನೀರು ಹಾಕಿಕೊಂಡು, ಅಂಜಿನಮ್ಮ ಹನುಮಂತರಾಯಪ್ಪನವರ ಮುಂದೆ ನಿಂತರು. ಒಳಗಿನ ಕೆಲಸ ಸಿಕ್ಕಿತು. ಅದರ ಹಿಂದಿನ ವರ್ಷವೇ ಬಂದು ಸೇರಿದ್ದ ಚಂದ್ರಲೇಖಾ ಕೆಲಸ ಕಲಿಸಿದರು. ವರ್ಷ ತುಂಬುವಷ್ಟರಲ್ಲಿ ಕಲಿಸಿದವರನ್ನೇ ಮೀರಿಸಿದ ಶಿಷ್ಯೆ ಇವರು. ತಟ್ಟೆಯ ವಾಸನೆಯಿಂದಲೇ ರೋಗ ಹೇಳುತ್ತಿದ್ದರು. "ನಮ್ಮ ಬೆಳೆ ಕೆಟ್ಟಿದ್ದು ಕಮ್ಮಿ ಅಂದ್ರೆ ಅದು ಅಂಜಿನಮ್ಮನ ಕಣ್ಣಿನಿಂದ," ಎಂದು ಯಜಮಾನರು ಈಗಲೂ ಒಪ್ಪಿಕೊಳ್ಳುತ್ತಾರೆ. ನೋವಿಲ್ಲದ, ನೆರಳಿನ ಕೆಲಸದ ಮೂರು ವರ್ಷ. ಜೀವಮಾನದಲ್ಲಿ ಅಷ್ಟು ಹಗುರಾಗಿದ್ದ ಕಾಲವೇ ಬೇರೆ ಇರಲಿಲ್ಲ ಎನ್ನುತ್ತಾರೆ ಅವರು.

ಐವತ್ತೆರಡಕ್ಕೆ ನೋವು ವಾಪಸು ಬಂತು. ಅದೇ ಜಾಗ, ಅದೇ ಹಿಂಡುವಿಕೆ. ಮೊದಲು ಮಲವಿಸರ್ಜನೆಗೆ ಕೂತಾಗ ಮಾತ್ರ, ಆಮೇಲೆ ಬಗ್ಗಿದಾಗ, ಆಮೇಲೆ ಸುಮ್ಮನೆ ನಿಂತಾಗ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸು ಎಂದು ಮಾತ್ರೆ ಕೊಟ್ಟರು. "ಮುಟ್ಟಿನ ನೋವು ಇದ್ದಂಗೆ ಐತೆ ಅಂದೆ. ನಿನ್ ವಯಸ್ಗೆ ಇನ್ನೇನ್ ಮುಟ್ಟಮ್ಮ ಅಂತ ನಕ್ಕರು. ನಂಗೂ ನಾಚ್ಕೆ ಆಗಿ ಎದ್ ಬಂದ್ಬುಟ್ಟೆ."

ಎರಡು ವರ್ಷದ ಹಿಂದಿನ ದೀಪಾವಳಿ ಮುಗಿದ ವಾರ ಅದು. ಚಂದ್ರಲೇಖಾ ಅವಲಪಲ್ಲಿಗೆ ನೆಂಟರ ಮದುವೆಗೆಂದು ಹೋಗಿದ್ದರು. ಬೆಳಿಗ್ಗೆ ಐದಕ್ಕೆ ಎದ್ದ ಅಂಜಿನಮ್ಮ ಲಂಗದ ಮೇಲೆ ಕಲೆ ಕಂಡರು. ನಾಲ್ಕು ವರ್ಷ ಕಾಣದಿದ್ದ ಕೆಂಪು ಕಲೆ. ಕೈಕಾಲು ತಣ್ಣಗಾದವು. ಒಳಗೆ ಎರಡನೇ ಹಂತದ ಹುಳಗಳು ಆರು ಗಂಟೆಯ ಮೇವಿಗೆ ಕಾಯುತ್ತಿವೆ, ಮೇವು ಹಾಕಲು ಇನ್ನೊಬ್ಬರಿಲ್ಲ. ಹೇಳಿದರೆ ಬಾಗಿಲು ಮುಚ್ಚುತ್ತದೆ, ಇವತ್ತಿಗಷ್ಟೇ ಅಲ್ಲ. ಹೇಳದೆ ಒಳಗೆ ಹೋದರೆ ಬೆಳೆ ಕೆಡುತ್ತದೆ. ಅವರು ಔಷಧಿ ಸೋಪಿನಲ್ಲಿ ಎರಡು ಸಲ ಮೈ ತೊಳೆದು, ಬಟ್ಟೆ ಕಟ್ಟಿಕೊಂಡು, ಹೆಸರು ಗೊತ್ತಿರುವ ದೇವರಿಗೆಲ್ಲ ಕೈಮುಗಿದು ಒಳಗೆ ಹೋದರು.

ಮೇವು ಹಾಕಿದ ಒಂದು ಗಂಟೆಗೆ ಹುಳಗಳು ತಲೆ ಹೊರಳಿಸತೊಡಗಿದವು. ಹತ್ತು ಗಂಟೆಗೆ ಅರ್ಧ ತಟ್ಟೆಗಳಲ್ಲಿ ಚಲನೆಯೇ ಇರಲಿಲ್ಲ. ವಾಸನೆಯಲ್ಲೇ ರೋಗ ಹೇಳುತ್ತಿದ್ದ ಹೆಂಗಸು ಅವತ್ತು ತಟ್ಟೆಗೆ ಮೂಗು ಒಯ್ಯಲಿಲ್ಲ, ಕಣ್ಣು ಕೊಟ್ಟು ನೋಡಲಿಲ್ಲ. ನೋಡುವುದಕ್ಕೆ ಉಳಿದದ್ದೇನು? ಕಾರಣ ತಮ್ಮ ಲಂಗದ ಮೇಲೆಯೇ ಇತ್ತಲ್ಲ. ಅವರು ನೇರ ಯಜಮಾನರ ಹತ್ತಿರ ಹೋಗಿ, "ಹುಳ ಸಾಯ್ತಾ ಅವೆ ಸಾಮಿ. ನಂಗೆ ಕಣ್ಣು ಮಂಜಾಗೈತೆ, ಏನೂ ಕಾಣಾಕಿಲ್ಲ. ನನ್ನ ಹೊರಗಿನ ಕೆಲಸಕ್ಕೆ ಹಾಕಿ," ಎಂದು ಹೇಳಿ ಮನೆಗೆ ನಡೆದುಬಿಟ್ಟರು.

ಕಣ್ಣು ಎಂದದ್ದು ಬಾಯಿಗೆ ಬಂದ ಮೊದಲ ಸುಳ್ಳು. ಆದರೆ ಹನುಮಂತರಾಯಪ್ಪ ಒಳ್ಳೆಯ ಮನುಷ್ಯ, ಒಳ್ಳೆಯವರ ಮುಂದೆ ಸುಳ್ಳು ಹೇಳುವುದರ ಕಷ್ಟವೇ ಬೇರೆ. ಅವರು ಮುಂದಿನ ವಾರವೇ ಅಂಜಿನಮ್ಮನನ್ನು ಹೊಸೂರಿನ ಕಣ್ಣಿನ ಶಿಬಿರಕ್ಕೆ ಕರೆದೊಯ್ದರು. ಗೋಡೆಯ ಮೇಲಿನ ಅಕ್ಷರಗಳು ತಮಿಳಿನಲ್ಲಿದ್ದವು. ಓದು ಬಾರದ ಅಂಜಿನಮ್ಮ ಎಲ್ಲಕ್ಕೂ "ತೆರಿಯಲೆ, ತೆರಿಯಲೆ" ಎನ್ನುತ್ತ ಹೋದರು. ತಮಿಳಿನಲ್ಲಿ ಗೊತ್ತಿಲ್ಲ ಎನ್ನುವುದಕ್ಕೂ ಕಾಣುತ್ತಿಲ್ಲ ಎನ್ನುವುದಕ್ಕೂ ಅದೊಂದೇ ಮಾತು. ಶಿಬಿರದವರು ಒಂದು ಕನ್ನಡಕ ಕೊಟ್ಟು ಕಳಿಸಿದರು. ಅದನ್ನು ಹಾಕಿಕೊಂಡರೆ ಹತ್ತಿರದ್ದೆಲ್ಲ ಈಜಾಡುತ್ತಿತ್ತು, ತೆಗೆದರೆ ಸುಳ್ಳು ಬಯಲಾಗುವ ಹೆದರಿಕೆ. ಹನ್ನೊಂದು ತಿಂಗಳು ಆ ಕನ್ನಡಕ ಹಾಕಿಕೊಂಡೇ ಸೊಪ್ಪು ಹೆಚ್ಚಿದ ಅಂಜಿನಮ್ಮ ಎರಡು ಬೆರಳ ತುದಿ ಕುಯ್ದುಕೊಂಡರು.

ಆ ಹನ್ನೊಂದು ತಿಂಗಳ ಬಗ್ಗೆ ಕೇಳಿದರೆ ಅವರ ನಡಿಗೆ ಇನ್ನೂ ಬಿರುಸಾಗುತ್ತದೆ. ಆಗೀಗ ಮತ್ತೆ ಕಲೆ ಕಾಣಿಸುತ್ತಿತ್ತು. ಕಟ್ಟಿದ ಬಟ್ಟೆಯನ್ನು ಗಂಡ ಅಶ್ವತ್ಥಪ್ಪನ ಕಣ್ಣಿಗೆ ಬೀಳದಂತೆ ತೊಳೆದು ಸೀಗೆಬೇಲಿಯ ಮರೆಯಲ್ಲಿ ಒಣಗಿಸುತ್ತಿದ್ದರು. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಿಂತರೆ ನೋವು ಗೊತ್ತಾಗುತ್ತಿತ್ತು, ಕೂತರೆ ಸತ್ತ ಹುಳ ನೆನಪಾಗುತ್ತಿತ್ತು. ಹೊರಗಿನ ಹೆಂಗಸರಲ್ಲಿ ಆ ಬೆಳೆಯ ಮಾತು ಬಂದರೆ ಬುಟ್ಟಿ ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಪಾಪ, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದುಕೊಂಡು ಅವರೂ ಮಾತು ನಿಲ್ಲಿಸುತ್ತಿದ್ದರು. "ಎರಡು ಲಕ್ಷ ಜೀವ ತಿಂದ್ಬುಟ್ಟೆ ಅಂತ ಒಳಗೇ ಕುದೀತಿದ್ದೆ. ಈ ನೋವು ಅದರ ಶಿಕ್ಷೆ ಅಂದ್ಕಂಡಿದ್ದೆ. ಶಿಕ್ಷೆಗೆ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ?"

ಹೋಗಬೇಕಾಗಿ ಬಂತು. ಕಳೆದ ಗಣೇಶನ ಹಬ್ಬ ಮುಗಿದ ವಾರ, ಹಿಪ್ಪುನೇರಳೆ ತೋಟದ ಸಾಲಿನಲ್ಲಿ ಬಗ್ಗಿದ ಅಂಜಿನಮ್ಮ ಮತ್ತೆ ಏಳಲಿಲ್ಲ. ಬೆವರಿನಲ್ಲಿ ಮುಳುಗಿದ ಮೈ, ಕಚ್ಚಿಕೊಂಡ ಹಲ್ಲು, ಸೀರೆಯ ಮೇಲೆ ಕಲೆ. ಮೊದಲು ಓಡಿಬಂದವರು ಚಂದ್ರಲೇಖಾ. ಕಲೆ ನೋಡಿ ತಮ್ಮ ಏಪ್ರನ್ ಬಿಚ್ಚಿ ಅವರ ಸೊಂಟಕ್ಕೆ ಸುತ್ತಿ, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೃಷ್ಣಗಿರಿಯ ಬಸ್ಸು ಹತ್ತಿಸಿದರು. ರಾಯಕೋಟೆ ದಾಟುವಷ್ಟರಲ್ಲಿ ಅಂಜಿನಮ್ಮನ ದುಃಖದ ಕಟ್ಟೆಯೊಡೆಯಿತು.

"ಆ ಬೆಳೆ ಕೊಂದಿದ್ದು ನಾನೇ ಕಣೇ. ಅವತ್ತೂ ಇಂಗೇ ಆಗಿತ್ತು. ಅಂಗೇ ಒಳಗೋಗ್ಬುಟ್ಟೆ."

ಚಂದ್ರಲೇಖಾ ಅಂಜಿನಮ್ಮನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಬಸ್ಸಿನಲ್ಲಿ ಯಾರಿಗಾದರೂ ಕೇಳೀತೆಂಬ ಪರಿವೆಯೂ ಇಲ್ಲದೆ ಬೈದರು. "ಥೂ ನಿನ್ನ! ಹನ್ನೊಂದು ತಿಂಗಳು ಇದನ್ನ ಹೊಟ್ಟೇಲಿ ಇಟ್ಕಂಡಿದ್ದಾ? ಅವತ್ತು ಮಧ್ಯಾಹ್ನ ನಾನು ಬಂದು ನೋಡ್ದೆ, ಹುಳ ಎಲ್ಲಾ ಹಸ್ರು ವಾಂತಿ ಮಾಡ್ಕಂಡಿದ್ವು. ಹಿಂದಿನ ಸಂಜೆ ಪಕ್ಕದೋರು ಟೊಮೇಟೊಗೆ ಔಷಧಿ ಹೊಡ್ದಿದ್ರು, ಗಾಳಿಗೆ ನಮ್ ಸೊಪ್ಪಿನ ಮೇಲೆ ಬಿದ್ದಿತ್ತು. ಯಜಮಾನ್ರು ಅವತ್ತೇ ಹೋಗಿ ಜಗಳ ಆಡಿ ಬಂದ್ರು. ಊರಿಗೆಲ್ಲಾ ಗೊತ್ತು. ನಿಂಗೊಬ್ಬಳಿಗೇ ಗೊತ್ತಿಲ್ಲ."

ಅಂಜಿನಮ್ಮ ನಂಬಲಿಲ್ಲ. ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ, ಮುಟ್ಟಿನ ಮೈಲಿಗೆಯೂ ಸೇರಿಯೇ ಸೇರಿರುತ್ತದೆ ಎಂದು ಹಟ ಹಿಡಿದರು. ಆಗ ಚಂದ್ರಲೇಖಾ ಅಂಜಿನಮ್ಮನ ಕಿವಿಯ ಹತ್ತಿರ ಬಾಯಿ ತಂದು ಐದು ವರ್ಷದಿಂದ ಯಾರಿಗೂ ಹೇಳದ ಮಾತನ್ನು ಹೇಳಿದರು. "ನನ್ನ ಗರ್ಭಕೋಶ ತೆಗೆದವ್ರೆ ಅಂತ ಯಜಮಾನ್ರಿಗೆ ಹೇಳಿದ್ನಲ್ಲ, ಸುಳ್ಳು. ಅದು ನನ್ನತ್ರಾನೇ ಐತೆ. ತಿಂಗಳು ತಿಂಗಳೂ ಮುಟ್ಟಾಗ್ತೀನಿ, ತಿಂಗಳು ತಿಂಗಳೂ ಒಳಗೇ ಇರ್ತೀನಿ. ಐದು ವರ್ಷದಾಗೆ ಒಂದು ಹುಳ ನನ್ನಿಂದ ಸತ್ತಿದ್ರೆ ಹೇಳು."

ಅಂಜಿನಮ್ಮನಿಗೆ ತಡೆಯಲಾರದ ಸಿಟ್ಟು ಬಂತಂತೆ, ಚಂದ್ರಲೇಖಾಳ ಮೇಲಲ್ಲ, ತಮ್ಮ ಮೇಲೆಯೇ. "ಅವತ್ತು ಸೊಪ್ಪಿನಾಗೆ ಔಷಧಿ ವಾಸ್ನೆ ಬಂದಿತ್ತು ಕಣಪ್ಪ. ನಿಜವಾಗ್ಲೂ ಬಂದಿತ್ತು. ನಾನು ತೊಳ್ಕಂಡಿದ್ದ ಸೋಪಿಂದು ಅಂದ್ಕಂಬುಟ್ಟೆ. ನನ್ನ ಮೂಗು ಸರಿಯಾಗೇ ಹೇಳಿತ್ತು. ನಾನೇ ಕೇಳಲಿಲ್ಲ." ಇದನ್ನು ಹೇಳುವಾಗ ಅವರು ಒಂದು ಹಿಡಿ ಸೊಪ್ಪನ್ನು ಮೂಗಿಗೆ ಹಿಡಿದು ನೋಡುತ್ತಾರೆ. ಸುಳ್ಳು ಹೇಳಿದ್ದಕ್ಕಿಂತ, ನೋವು ತಿಂದದ್ದಕ್ಕಿಂತ, ಕೈಯಲ್ಲಿ ಸೊಪ್ಪು ಹಿಡಿದು ಅದರ ವಾಸನೆ ಗುರುತಿಸದೆ ಹೋದದ್ದು ಅವರನ್ನು ಇವತ್ತಿಗೂ ಚುಚ್ಚುತ್ತದೆ.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಸರಳಾ ಮೊದಲು ಕೇಳಿದ್ದು ಮುಟ್ಟು ನಿಂತು ಎಷ್ಟು ವರ್ಷವಾಯಿತೆಂದು. ಐದು ಎಂದ ಕೂಡಲೇ ಅವರ ಪೆನ್ನು ನಿಂತಿತು. ಸ್ಕ್ಯಾನ್, ರಕ್ತ ಪರೀಕ್ಷೆ, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ. ಫಲಿತಾಂಶ ಬರುವ ತನಕ ಹನ್ನೆರಡು ದಿನ ಅಶ್ವತ್ಥಪ್ಪ ಅನ್ನ ನುಂಗಲಿಲ್ಲ. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ, ಆದರೆ ಎಲ್ಲರ ಕಿವಿಯಲ್ಲೂ ಅದೇ ಕೊರೆಯುತ್ತಿತ್ತು. ಬಂದ ಹೆಸರು ಬೇರೆ: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದು ಹೊರಗೆ ಬೆಳೆದು, ಎಡ ಅಂಡಾಶಯದ ಮೇಲೆ ಗಂಟಾಗಿ, ಗರ್ಭಕೋಶದ ಹಿಂಬದಿಯಿಂದ ಕರುಳಿನ ತನಕ ಅಂಟಿಕೊಂಡಿತ್ತು.

"ಅಂದ್ರೆ ತಟ್ಟೇಲಿರ್ಬೇಕಾದ ಹುಳ ಗೋಡೆ ಹತ್ಕಂಡು ಕೂತಂಗೆ," ಎಂದರು ಅಂಜಿನಮ್ಮ. ಡಾಕ್ಟರು, ಅಷ್ಟೇ, ಸರಿಯಾಗಿ ಅಷ್ಟೇ ಎಂದರಂತೆ.

"ಇದು ಮುಟ್ಟಾಗುವ ವಯಸ್ಸಿನವರ ರೋಗ ಅಂತ ಎಲ್ಲರೂ ತಿಳಿದಿದ್ದಾರೆ. ಹೆಚ್ಚಿನವರಿಗೆ ಮುಟ್ಟು ನಿಂತ ಮೇಲೆ ತಣ್ಣಗಾಗುತ್ತದೆ, ನಿಜ. ಎಲ್ಲರಿಗೂ ಅಲ್ಲ," ಎಂದು ಡಾಕ್ಟರ್ ಸರಳಾ ಬಿಡಿಸಿ ಹೇಳುತ್ತಾರೆ. "ಅಂಡಾಶಯ ಕೆಲಸ ನಿಲ್ಲಿಸಿದರೂ ಮೈಯ ಕೊಬ್ಬಿನಲ್ಲಿ ಸ್ವಲ್ಪ ಹಾರ್ಮೋನು ತಯಾರಾಗುತ್ತಲೇ ಇರುತ್ತದೆ. ಹಳೆಯದು ಮತ್ತೆ ಕೆರಳಬಹುದು. ಕೆಲವರಿಗೆ ನಲವತ್ತೈದು ಐವತ್ತು ದಾಟಿದ ಮೇಲೇ ಮೊದಲ ಸಲ ಕಾಣಿಸಿಕೊಳ್ಳುವುದೂ ಉಂಟು. ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಅವತ್ತೇ ಬನ್ನಿ ಅಂತೀನಿ. ಮೊದಲು ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗಬೇಕು. ಅಕ್ಕ ಬರಲು ಹನ್ನೊಂದು ತಿಂಗಳು ತಗೊಂಡ್ರು. ನನಗೆ ಹೆದರಿಕೆ ಆಗಿದ್ದು ರೋಗಕ್ಕಲ್ಲ, ಆ ಹನ್ನೊಂದು ತಿಂಗಳಿಗೆ."

ಅಂಜಿನಮ್ಮನ ವಯಸ್ಸು, ಗಂಟಿನ ಗಾತ್ರ ನೋಡಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುವುದೇ ಒಳ್ಳೆಯದೆಂದು ನಿರ್ಧಾರವಾಯಿತು. ಐದು ಗಂಟೆಯ ಶಸ್ತ್ರಚಿಕಿತ್ಸೆ. ಎರಡು ತಿಂಗಳು ವಿಶ್ರಾಂತಿ ಎಂದರೆ ಅಂಜಿನಮ್ಮ ನಲವತ್ತು ದಿನಕ್ಕೆ ಚಾಕಿ ಕೇಂದ್ರದ ಗೇಟಿನಲ್ಲಿದ್ದರು. ಹದಿಮೂರನೇ ವಯಸ್ಸಿನಿಂದ ಜೊತೆಗಿದ್ದ ನೋವು ಹೋಗಿತ್ತು. "ಅದಿಲ್ದೆ ಮೈ ಖಾಲಿ ಖಾಲಿ. ಯಾವ್ದೋ ಕೆಲಸ ಮರ್ತ್ ಬಂದಂಗೆ ಇರ್ತಿತ್ತು," ಎನ್ನುತ್ತಾರೆ.

ಹನುಮಂತರಾಯಪ್ಪ ಬಾಯ್ತುಂಬ ನಕ್ಕು ಸ್ವಾಗತಿಸಿದರು. ಕಣ್ಣಿನ ವಿಷಯ ಕೇಳಲೇ ಇಲ್ಲ. "ಆಪರೇಷನ್ ಆಯ್ತಲ್ಲ ತಾಯಿ, ಈಗ ಯಾವ ತೊಂದ್ರೇನೂ ಇಲ್ಲ. ನಮ್ಮವ್ವನ ಕಟ್ಟುಪಾಡಿಗೂ ಸರಿಹೋಯ್ತು. ಒಳಗೆ ಬಾ," ಎಂದರು. ಅಂಜಿನಮ್ಮ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಒಳಗೆ ಹೋದರು. ಅವತ್ತಿನಿಂದ ಅದು ಅಲ್ಲೇ ಇದೆ. ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಅಂಜಿನಮ್ಮನಿಗೂ ಕೆಲಸ ಸಿಕ್ಕಿತ್ತು, ಚಂದ್ರಲೇಖಾಳ ಗುಟ್ಟೂ ಉಳಿದಿತ್ತು.

ಕಳೆದ ತಿಂಗಳು, ಹೊರಗೆ ಸೊಪ್ಪು ಹೆಚ್ಚುವ ಮುನಿಲಕ್ಷ್ಮಿ ಊಟದ ಹೊತ್ತಿಗೆ ಅಂಜಿನಮ್ಮನ ಪಕ್ಕ ಬಂದು ಕೂತಳು. ಮೂವತ್ತಾರರ ಹೆಂಗಸು. ತಿಂಗಳಿಗೆ ನಾಲ್ಕು ದಿನ ಅವಳೂ ಮುದುರಿಕೊಳ್ಳುತ್ತಾಳೆ, ಮಾತ್ರೆ ನುಂಗಿ ಕತ್ತಿ ಹಿಡಿಯುತ್ತಾಳೆ. ತಟ್ಟೆಯ ಅನ್ನ ಕೆದಕುತ್ತ ಮೆಲ್ಲಗೆ ಕೇಳಿದಳು. "ಅಕ್ಕಾ, ನಿನ್ನ ಡಾಕ್ಟ್ರು ನಂದೂ ತೆಗೀತಾರಾ? ತೆಗ್ಸಿಬುಟ್ರೆ ನೋವೂ ಹೋಗ್ತದೆ, ಒಳಗಿನ ಕೆಲಸಾನೂ ಸಿಗ್ತದೆ. ನಮ್ಮನೆಯೋರೂ ಆಗ್ಲಿ ಅಂದವ್ರೆ."

ಅಂಜಿನಮ್ಮನ ಕೈಯ ತುತ್ತು ಅಲ್ಲೇ ನಿಂತಿತು.  ಮೂರನೆಯ ದಿನ ಮುನಿಲಕ್ಷ್ಮಿಯನ್ನು ಕೃಷ್ಣಗಿರಿಯ ಬಸ್ಸು ಹತ್ತಿಸಿದವರು ಅವರೇ. ಅವಳಿಗೂ ಅದೇ ರೋಗದ ಶುರುವಿದೆ ಎಂದು ಡಾಕ್ಟರ್ ಸರಳಾ ಹೇಳಿದರು. ಈ ವಯಸ್ಸಿನಲ್ಲಿ ಗರ್ಭಕೋಶ ತೆಗೆಯುವ ಅಗತ್ಯ ಈಗಿಲ್ಲ, ಮಾತ್ರೆಯಿಂದ ಹತೋಟಿಗೆ ತರಬಹುದು, ತೆಗೆದ ಮಾತ್ರಕ್ಕೆ ನೋವು ಹೋಗಿಯೇ ಹೋಗುತ್ತದೆ ಎಂಬ ಭರವಸೆಯೂ ಇಲ್ಲ ಎಂದರು. ನೋವಿನ ಮಾತು ಅಲ್ಲಿಗೆ ಒಂದು ದಡ ಸೇರಿತು. ಕೆಲಸದ ಮಾತು ಸೇರಲಿಲ್ಲ. ವಾಪಸು ಬರುವಾಗ ಮುನಿಲಕ್ಷ್ಮಿ ಕೇಳಿದಳಂತೆ, "ಅಂಗಾದ್ರೆ ಒಳಗಿನ ಕೆಲಸಕ್ಕೆ ನಾನಿನ್ನು ಹದಿನೈದು ವರ್ಷ ಕಾಯ್ಬೇಕಾ ಅಕ್ಕ?"

ಅದೇ ಸಂಜೆ ಅಂಜಿನಮ್ಮ ಯಜಮಾನರ ಜಗಲಿಗೆ ಹೋದರು. ದೀಪಾವಳಿ ವಾರದ ಕಲೆ, ಕಣ್ಣಿನ ಸುಳ್ಳು, ಔಷಧಿ ವಾಸನೆ, ಎಲ್ಲವನ್ನೂ ನಿಂತುಕೊಂಡೇ ಹೇಳಿದರು. ಚಂದ್ರಲೇಖಾಳ ಹೆಸರೆತ್ತಲಿಲ್ಲ. ಹನುಮಂತರಾಯಪ್ಪ ಗದರಲಿಲ್ಲ. ತಲೆ ತಗ್ಗಿಸಿ ಕೇಳಿ, "ಆಗಿದ್ದು ಆಗೋಯ್ತು ಬಿಡು ತಾಯಿ. ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಅವ್ವ ಮಾಡಿಟ್ಟಿದ್ದನ್ನ ನಾನು ಹೆಂಗೆ ಮುರೀಲಿ? ಒಂದೇ ಒಂದು ಬೆಳೆ ಕೆಟ್ರೂ ರೈತರು ನನ್ನ ಬಾಗಿಲಿಗೆ ಬರ್ತಾರೆ. ಮುಟ್ಟಾದೋರು ಒಳಗೆ ಹೋದ್ರೂ ಹುಳ ಬದುಕ್ತವೆ ಅಂತ ಯಾರು ತೋರಿಸ್ತಾರೆ?" ಎಂದರು.

ತೋರಿಸಬಲ್ಲವಳು ಆರು ವರ್ಷದಿಂದ ಅವರ ಹುಳದ ಮನೆಯೊಳಗೇ ಇದ್ದಳು. ಹೇಳಿದರೆ ಅವಳ ಕೆಲಸ ಹೋಗಬಹುದು. ಅವಳ ಮಗ ಪಾಲಿಟೆಕ್ನಿಕ್‌ನಲ್ಲಿದ್ದಾನೆ, ಗಂಡನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ತಿಂಗಳಿಗೆ ಹದಿನೈದು ದಿನ ಮಾತ್ರ ಶಿಫ್ಟು ಸಿಗುತ್ತಿದೆ. ಅಂಜಿನಮ್ಮ ಗುಟ್ಟು ಬಿಡದೆ ಮನೆಗೆ ಬಂದರು. ಅವತ್ತಿನಿಂದ ಮುನಿಲಕ್ಷ್ಮಿಯ ಮುಖ ನೋಡಲು ಅವರಿಗೆ ಆಗುತ್ತಿಲ್ಲ. ಹಗಲೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಟ್ಟೆಯಿಂದ ತಟ್ಟೆಗೆ ಓಡಾಡುವುದರಲ್ಲಿ ಕೆಲಸದ ಅವಸರ ಎಷ್ಟು, ಈ ಸಂಕಟ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈ ಲೇಖನಕ್ಕಾಗಿ ಮಾತಾಡಿಸಲು ಹೋದಾಗ ಇಬ್ಬರೂ ಮೊದಲ ದಿನ ಹುಳದ ವಿಷಯ ಬಿಟ್ಟು ಬೇರೇನೂ ಆಡಲಿಲ್ಲ. ಎರಡನೆಯ ದಿನ ಮಧ್ಯಾಹ್ನದ ಮೇವು ಮುಗಿದ ಮೇಲೆ ಚಂದ್ರಲೇಖಾ ತಾವಾಗಿಯೇ ಬಸ್ಸಿನ ಸಂಗತಿ ಶುರು ಮಾಡಿದರು. ಹೆಸರು ಬದಲಿಸಿ ಬರೆಯೋಣವೇ ಎಂದು ಕೇಳಿದ್ದಕ್ಕೆ ಮೇಣದ ಕಾಗದದ ಅಂಚು ಸರಿಮಾಡಿದರು. ಈ ಲೇಖನ ಬರುವ ಭಾನುವಾರದ ಪೇಪರನ್ನು ಯಜಮಾನರು ಮೊದಲಿನಿಂದ ಕೊನೆಯ ತನಕ ಓದುವವರು. ಅದು ಬೆಂಗಳೂರಿನ ಮೊದಲ ಬಸ್ಸಿನಲ್ಲೇ ಅವರ ಜಗಲಿಗೆ ಬರುತ್ತದೆ. ಚಂದ್ರಲೇಖಾಗೆ ಅದು ಚೆನ್ನಾಗಿ ಗೊತ್ತು.

"ಬದಲಿಸಿದ್ರೆ ಅವ್ರು ನಂಬಾಕಿಲ್ಲ," ಎಂದರು. "ಯಾರೋ ಎಲ್ಲೋ ಮಾಡವ್ರೆ ಅಂದ್ಕಂತಾರೆ. ನನ್ನ ಹೆಸರೇ ಹಾಕಿ. ಆರು ವರ್ಷದ ಬೆಳೆ ಲೆಕ್ಕ ಅವರ ಕಂಪ್ಯೂಟರಿನಾಗೇ ಐತೆ, ತೆಗ್ದು ನೋಡ್ಕಳ್ಲಿ." ಹೇಳಿ ಮುಗಿಸಿದವರೇ ಸೆರಗಿನಿಂದ ಮುಖ ಒರೆಸಿಕೊಂಡರು. ಹೆದರಿಕೆಯಾಗುತ್ತಿಲ್ಲವೇ ಎಂದರೆ, ಆಗ್ತೈತೆ ಎಂದು ಒಪ್ಪಿಕೊಂಡರು.

ಅಂಜಿನಮ್ಮ ಅಷ್ಟರಲ್ಲಿ ಮುಂದಿನ ಸ್ಟ್ಯಾಂಡಿಗೆ ಹೋಗಿದ್ದರು. ಅಲ್ಲಿಂದಲೇ, ತಿರುಗದೆ, ಕೈ ನಿಲ್ಲಿಸದೆ ಹೇಳಿದರು.

"ಭಾನುವಾರ ಓದ್ಲಿ. ಹೊಸಾ ಬೆಳೆ ಮೊಟ್ಟೆ ಒಡೆಯೋದು ಗುರುವಾರ. ಯೋಚ್ನೆ ಮಾಡಾಕೆ ನಾಕು ದಿನ ಐತೆ. ಗುರುವಾರ ನಾನು, ಚಂದ್ರಲೇಖಾ, ಮುನಿಲಕ್ಷ್ಮಿ ಮೂರು ಜನಾನೂ ಬಾಗಿಲಿಗೆ ಬತ್ತೀವಿ. ಒಳಗೆ ಬಿಟ್ರೆ ಮೂರು ಜನಾನೂ ಬಿಡ್ಲಿ, ಇಲ್ಲಾಂದ್ರೆ ನಾನೂ ಹೊರಗೇ. ಗರ್ಭಕೋಶ ಇಲ್ಲಾಂತ ಒಳಗೆ ಬಿಟ್ರು ಅನ್ನೋ ಕೆಲಸ ನಂಗೆ ಬ್ಯಾಡ. ನಂಗೆ ಹುಳ ಸಾಕಾಕೆ ಬತ್ತದೆ, ಅದಕ್ಕೆ ಬಿಡ್ಲಿ."